ಎರಡು ತಾಸಿನ ಪರೀಕ್ಷೆಗೆ ಬದುಕಿನ ಭಾರವೇಕೆ?

ಕಳೆದ ಮಳೆಗಾಲದಲ್ಲಿ ಅಂಕೋಲೆಯ ತಮ್ಮನ ಮನೆಗೆ ಹೋಗಿದ್ದೆ. ಅವನ ಮೊಮ್ಮಗಳು ಜಗಲಿಯಲ್ಲಿ ಕುಳಿತು ಹಳೆಯ ಪ್ರಶ್ನೆಪತ್ರಿಕೆಯೊಂದನ್ನು ಬಿಡಿಸುತ್ತಿದ್ದಳು. ದ್ವಿತೀಯ ಪಿಯುಸಿ ಓದುತ್ತಿದ್ದ ಆಕೆಗೆ ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯನ್ನು ಸೇರುವ ಹಂಬಲ. ಅರ್ಧ ತಾಸು ಕಳೆಯುವಷ್ಟರಲ್ಲಿ ಹಾಳೆಗಳನ್ನು ಮಡಚಿಟ್ಟು, ‘ಅಜ್ಜಾ, ಉತ್ತರ ಗೊತ್ತಿರ್ತದೆ. ಗಡಿಯಾರ ನೋಡಿದ ಕೂಡಲೇ ಓದಿದ ಸಾಲೇ ಮರೆತು ಹೋಗ್ತದೆ’ ಎಂದಳು.

ಆ ಮಾತು ನನಗೆ ಹೊಸದಾಗಿರಲಿಲ್ಲ. ನಾಲ್ಕು ದಶಕಗಳ ಹಿಂದೆ ಆಡಳಿತ ಸೇವೆಯ ಪರೀಕ್ಷೆಗೆ ಕುಳಿತಾಗ, ಎಂ.ಎ. ತರಗತಿಯಲ್ಲಿ ಎರಡು ವರ್ಷ ಅರೆದು ಕುಡಿದಿದ್ದ ಅರ್ಥಶಾಸ್ತ್ರದ ಪ್ರಶ್ನೆಯೇ ನನಗೆ ಅಪರಿಚಿತವಾಗಿ ಕಂಡಿತ್ತು. ಬೆವರಿದ ಕೈಯಿಂದ ಲೇಖನಿ ಜಾರುತ್ತಿತ್ತು. ಆ ವರ್ಷ ನಾನು ಆಯ್ಕೆಯಾಗಲಿಲ್ಲ. ಓದು ಸಾಲದೆ ಹೋಯಿತೆಂದು ಎಲ್ಲರಿಗೂ ಹೇಳಿದೆನೇ ಹೊರತು, ಹೆದರಿದ್ದೆನೆಂದು ಯಾರಿಗೂ ಹೇಳಲಿಲ್ಲ. ನಮ್ಮಲ್ಲಿ ಪರೀಕ್ಷೆಯ ಭಯಕ್ಕೆ ಮಾತಿಲ್ಲ. ಅಂಕಕ್ಕೆ ಮಾತ್ರ ಮಾತಿದೆ.

‘ಕ್ಲಾಟ್’ ಎಂದು ಕರೆಯಲಾಗುವ ಸಾಮಾನ್ಯ ಕಾನೂನು ಪ್ರವೇಶ ಪರೀಕ್ಷೆ ಆರಂಭವಾದದ್ದು 2008ರಲ್ಲಿ. ಐದು ವರ್ಷಗಳ ಸಮಗ್ರ ಕಾನೂನು ಶಿಕ್ಷಣವನ್ನು ಎನ್.ಆರ್. ಮಾಧವ ಮೆನನ್ ಅವರ ಮುಂದಾಳತ್ವದಲ್ಲಿ 1988ರಲ್ಲಿ ಬೆಂಗಳೂರಿನಲ್ಲಿ ತರಗತಿಗಿಳಿಸಿದ ಮೇಲೆ, ಅದೇ ಮಾದರಿಯ ವಿಶ್ವವಿದ್ಯಾಲಯಗಳು ದೇಶದ ಹಲವೆಡೆ ಹುಟ್ಟಿಕೊಂಡವು. ಇಂದು ಅಂಥ ಇಪ್ಪತ್ತಕ್ಕೂ ಹೆಚ್ಚು ಸಂಸ್ಥೆಗಳಿಗೆ ಈ ಒಂದೇ ಪರೀಕ್ಷೆ ಹೆಬ್ಬಾಗಿಲು. ಈಚಿನ ವರ್ಷಗಳಲ್ಲಿ ಅದು ಡಿಸೆಂಬರಿನ ಮೊದಲ ಭಾನುವಾರ ನಡೆಯುತ್ತಿದೆ. ನೂರಿಪ್ಪತ್ತು ಪ್ರಶ್ನೆ, ನೂರಿಪ್ಪತ್ತು ನಿಮಿಷ. ತಪ್ಪಿದ ಪ್ರತಿ ಉತ್ತರಕ್ಕೂ ಕಾಲು ಅಂಕ ಕಡಿತ.

ಅರ್ಥಶಾಸ್ತ್ರದ ವಿದ್ಯಾರ್ಥಿಯಾದ ನಾನು ಆಕೆಯೊಡನೆ ಕುಳಿತು ಮೊದಲು ಮಾಡಿದ ಕೆಲಸ ಲೆಕ್ಕ ಹಾಕಿದ್ದು. ಪ್ರಶ್ನೆಗಳು ಬಿಡಿಬಿಡಿಯಾಗಿ ಬರುವುದಿಲ್ಲ. ಸುಮಾರು ನಾನೂರೈವತ್ತು ಪದಗಳ ಒಂದೊಂದು ಗದ್ಯಭಾಗವನ್ನು ಕೊಟ್ಟು ಅದರ ಮೇಲೆ ಕೇಳುತ್ತಾರೆ. ಒಂದರ ಮೇಲೆ ಐದು ಪ್ರಶ್ನೆ ಎಂದು ಹಿಡಿದರೆ ಇಪ್ಪತ್ನಾಲ್ಕು ಭಾಗ. ಗಣಿತದ ಭಾಗಗಳು ಚಿಕ್ಕವೆಂದು ಬಿಟ್ಟರೂ ಒಟ್ಟು ಸುಮಾರು ಹತ್ತು ಸಾವಿರ ಪದ. ನಿಮಿಷಕ್ಕೆ ಇನ್ನೂರು ಪದ ಓದುವವರಿಗೆ ಓದಿಗೇ ಐವತ್ತು ನಿಮಿಷ ಬೇಕು. ಉಳಿದ ಎಪ್ಪತ್ತು ನಿಮಿಷದಲ್ಲಿ ಪ್ರಶ್ನೆಯೊಂದಕ್ಕೆ ಸಿಗುವುದು ಮೂವತ್ತೈದು ಸೆಕೆಂಡು. ಅಂದಮೇಲೆ ಕೆಲವನ್ನು ಬಿಟ್ಟು ಮುಂದೆ ಹೋಗುವುದು ಸೋಲಲ್ಲ. ಇದು ಆ ಪತ್ರಿಕೆಯ ರಚನೆಯಲ್ಲೇ ಇದೆ. ಈ ಲೆಕ್ಕ ತಿಳಿದಾಗ ಆಕೆಯ ಮುಖ ಅರ್ಧ ತಿಳಿಯಾಯಿತು.

ಇನ್ನು ಅಂಕ ಕಡಿತದ ಭಯ. ನಾಲ್ಕು ಆಯ್ಕೆಗಳಲ್ಲಿ ಏನೂ ತಿಳಿಯದೆ ಒಂದನ್ನು ಗುರುತಿಸಿದರೂ ಸರಾಸರಿ ಫಲ ಸೊನ್ನೆಗಿಂತ ತುಸು ಮೇಲೆ, ಅಂದರೆ ಒಂದು ಅಂಕದ ಹದಿನಾರನೆಯ ಒಂದು ಭಾಗ. ಒಂದು ಆಯ್ಕೆ ಖಂಡಿತ ತಪ್ಪೆಂದು ತಳ್ಳಿಹಾಕಿದರೆ ಆರನೆಯ ಒಂದು ಭಾಗ. ಎರಡನ್ನು ತಳ್ಳಿಹಾಕಿದರೆ ಎಂಟರಲ್ಲಿ ಮೂರು ಭಾಗ. ಕುರುಡು ಊಹೆಯಿಂದ ಹೇಳಿಕೊಳ್ಳುವಂಥ ಲಾಭವಿಲ್ಲ. ಆದರೆ ಎರಡು ಆಯ್ಕೆಗಳ ನಡುವೆ ತೂಗುಯ್ಯಾಲೆಯಾಡುತ್ತ ಕೊನೆಗೆ ಖಾಲಿ ಬಿಡುವುದು ನಷ್ಟ. ಬಹುಪಾಲು ಮಕ್ಕಳು ಕಡಿತದ ಪ್ರಮಾಣಕ್ಕಿಂತ ಅದರ ಹೆಸರಿಗೇ ಹೆದರಿರುತ್ತಾರೆ.

ಭಯವೇಕೆ ಓದಿದ್ದನ್ನು ಮರೆಸುತ್ತದೆ? ಒಂದು ಕ್ಷಣದಲ್ಲಿ ಮನಸ್ಸು ಹಿಡಿದಿಟ್ಟುಕೊಳ್ಳಬಲ್ಲ ಸಂಗತಿಗಳು ಕೆಲವೇ ಕೆಲವು. ‘ಆಗದಿದ್ದರೆ ಅಪ್ಪ ಏನೆಂದಾರು’ ಎಂಬ ಚಿಂತೆಯೂ ಆ ಸಣ್ಣ ಜಾಗದಲ್ಲೇ ಬಂದು ಕೂರುತ್ತದೆ. ಗದ್ಯಭಾಗಕ್ಕೆ ಜಾಗ ಸಾಲದಾಗುತ್ತದೆ. ಶಿಕಾಗೊ ವಿಶ್ವವಿದ್ಯಾಲಯದ ಜೆರಾರ್ಡೊ ರಾಮಿರೆಜ್ ಮತ್ತು ಸಯಾನ್ ಬೈಲಾಕ್ 2011ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪರೀಕ್ಷೆಗೆ ಮುನ್ನ ಹತ್ತು ನಿಮಿಷ ತಮ್ಮ ಆತಂಕವನ್ನೇ ಕಾಗದದ ಮೇಲೆ ಬರೆದ ವಿದ್ಯಾರ್ಥಿಗಳು ಹೆಚ್ಚು ಚೆನ್ನಾಗಿ ಉತ್ತರಿಸಿದ್ದು ಕಂಡುಬಂತು. ಅದರಿಂದ ಹೆಚ್ಚಿನ ಪ್ರಯೋಜನವಾದದ್ದು ಹೆದರುವವರಿಗೇ. ಇದಕ್ಕೆ ಖರ್ಚಿಲ್ಲ, ತರಬೇತಿ ಕೇಂದ್ರವೂ ಬೇಡ. ಅಂತೆಯೇ ವಾರಕ್ಕೊಮ್ಮೆ, ಪರೀಕ್ಷೆ ನಡೆಯುವ ಹೊತ್ತಿನಲ್ಲೇ, ಫ್ಯಾನಿನ ಸದ್ದಿರುವ ಕೋಣೆಯಲ್ಲಿ ಇಡೀ ಪತ್ರಿಕೆಯನ್ನು ಬರೆಯಬೇಕು. ಹತ್ತು ಸಲ ಕಂಡವರ ಬಗ್ಗೆ ಹೆದರಿಕೆ ಕಡಿಮೆಯಾಗುವಂತೆ ಪರೀಕ್ಷೆಯ ಬಗೆಗೂ ಆಗುತ್ತದೆ.

ನಮ್ಮ ಜಿಲ್ಲೆಯ ಮಕ್ಕಳಿಗೆ ಇನ್ನೊಂದು ಬಂಡವಾಳವಿದೆ. ಅದನ್ನು ಅವರಿಗೆ ನೆನಪಿಸುವವರಿಲ್ಲ. ಕಾನೂನು ತರ್ಕದ ವಿಭಾಗದಲ್ಲಿ ಕೊಟ್ಟ ತತ್ತ್ವವನ್ನು ಮಾತ್ರ ಆಧರಿಸಿ ಉತ್ತರಿಸಬೇಕು, ಹೊರಗಿನ ತಿಳಿವಳಿಕೆಯನ್ನು ತರುವಂತಿಲ್ಲ. ತಾಳಮದ್ದಳೆಯ ಅರ್ಥಧಾರಿ ಮಾಡುವುದೂ ಅದನ್ನೇ. ಪ್ರಸಂಗದ ಕಥೆಯನ್ನು ಬದಲಿಸುವ ಅಧಿಕಾರ ಅವನಿಗಿಲ್ಲ. ಅದರ ಚೌಕಟ್ಟಿನೊಳಗೇ ವಾದ ಕಟ್ಟಬೇಕು. ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಯಾವ ಧರ್ಮವೆಂದು ವಾಲಿ ಕೇಳುತ್ತಾನೆ, ರಾಮ ಸಮರ್ಥಿಸಿಕೊಳ್ಳುತ್ತಾನೆ, ಸಭೆ ಇಬ್ಬರಿಗೂ ತಲೆದೂಗುತ್ತದೆ. ಇದನ್ನು ಕೇಳಿ ಬೆಳೆದ ಮಗುವಿಗೆ ತರ್ಕ ಹೊಸ ವಿದ್ಯೆಯಲ್ಲ. ಹೊಸದಾಗಿರುವುದು ಅದರ ಭಾಷೆ.

ಇಲ್ಲಿಗೆ ಮಕ್ಕಳು ತಾವೇ ನಿಭಾಯಿಸಬಹುದಾದ ಭಯದ ಮಾತಾಯಿತು. ಉಳಿದದ್ದು ನಾವು ಹುಟ್ಟಿಸಿದ ಭಯ. 2018ರಲ್ಲಿ ಗಣಕಯಂತ್ರದ ಮೇಲೆ ನಡೆದ ಪರೀಕ್ಷೆಯ ತಾಂತ್ರಿಕ ತೊಡಕುಗಳು ಸುಪ್ರೀಂ ಕೋರ್ಟ್ ಮೆಟ್ಟಿಲೇರಿದವು. 2019ರಲ್ಲಿ ಮತ್ತೆ ಕಾಗದಕ್ಕೆ ಮರಳಲಾಯಿತು. 2020ರ ಸಾಂಕ್ರಾಮಿಕದ ನಡುವೆ ಬೆಂಗಳೂರಿನ ಸಂಸ್ಥೆ ಪ್ರತ್ಯೇಕವಾಗಿ ನಡೆಸಿದ ಪರೀಕ್ಷೆಯನ್ನು ಸುಪ್ರೀಂ ಕೋರ್ಟ್ ರದ್ದುಪಡಿಸಿತು. 2024ರ ಡಿಸೆಂಬರಿನ ಪರೀಕ್ಷೆಯ ಸರಿಯುತ್ತರಗಳ ಬಗೆಗಿನ ವ್ಯಾಜ್ಯ 2025ರ ಮೇ ತಿಂಗಳವರೆಗೂ ಎಳೆಯಿತು. ಹದಿನೇಳರ ಹರೆಯದವರಿಂದ ಸ್ಥಿರಚಿತ್ತವನ್ನು ಬಯಸುವ ವ್ಯವಸ್ಥೆ ತಾನೂ ಸ್ವಲ್ಪ ಸ್ಥಿರವಾಗಿರಬೇಕಲ್ಲವೇ?

ಈ ಪರೀಕ್ಷೆ ಇಂಗ್ಲಿಷಿನಲ್ಲಿ ಮಾತ್ರ ಉಂಟೆಂಬುದು ಎಲ್ಲಕ್ಕಿಂತ ದೊಡ್ಡ ಅಡ್ಡಿ. ಇಲ್ಲಿ ಕಾರವಾರದ ಇತಿಹಾಸವನ್ನು ನೆನೆಯಬೇಕು. 1880ರ ದಶಕದ ಆರಂಭದಲ್ಲಿ ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದವರು ಸತ್ಯೇಂದ್ರನಾಥ ಠಾಕೂರ್, 1863ರಲ್ಲಿ ಐಸಿಎಸ್‌ಗೆ ಆಯ್ಕೆಯಾದ ಮೊದಲ ಭಾರತೀಯ. ಆ ಪರೀಕ್ಷೆ ನಡೆಯುತ್ತಿದ್ದದ್ದು ಲಂಡನ್ನಿನಲ್ಲಿ. ಅದನ್ನು ಭಾರತದಲ್ಲೂ ನಡೆಸಲು 1922ರವರೆಗೆ ಕಾಯಬೇಕಾಯಿತು. ಸತ್ಯೇಂದ್ರನಾಥರ ಜೊತೆಯಲ್ಲೇ ಹಡಗೇರಿದ್ದ ಗೆಳೆಯ ಮನಮೋಹನ ಘೋಷ್ ಎರಡು ಸಲ ಪರೀಕ್ಷೆ ಬರೆದೂ ಆಯ್ಕೆಯಾಗಲಿಲ್ಲ. ಅವರು ಬ್ಯಾರಿಸ್ಟರ್ ಆಗಿ ಮರಳಿ, ಕೋಲ್ಕತ್ತದ ಹೆಸರಾಂತ ವಕೀಲರಾದರು. ನ್ಯಾಯಾಂಗವನ್ನು ಕಾರ್ಯಾಂಗದಿಂದ ಬೇರ್ಪಡಿಸಬೇಕೆಂದು ಹೋರಾಡಿದರು. ಇನ್ನು ಅಣ್ಣನ ಮನೆಗೆಂದು ಕಾರವಾರಕ್ಕೆ ಬಂದು ಇಲ್ಲಿನ ಕಡಲ ದಂಡೆಯಲ್ಲಿ ನಾಟಕ ಬರೆದ ತರುಣ ರವೀಂದ್ರನಾಥರನ್ನೂ ಮನೆಯವರು ಬ್ಯಾರಿಸ್ಟರ್ ಆಗಲೆಂದೇ ಇಂಗ್ಲೆಂಡಿಗೆ ಕಳುಹಿಸಿದ್ದರು. ಅವರು ಪದವಿಯಿಲ್ಲದೆ ಮರಳಿದ್ದರು.

ಇದನ್ನು ಸೋತವರಿಗೆ ಸಮಾಧಾನ ಹೇಳಲು ನೆನೆಯುತ್ತಿಲ್ಲ. ಎಲ್ಲರೂ ರವೀಂದ್ರರಾಗುವುದಿಲ್ಲ. ಆದರೆ ಒಂದು ಬಾಗಿಲು ಮುಚ್ಚಿದ ಮಾತ್ರಕ್ಕೆ ವಕೀಲಿಕೆ ಮುಚ್ಚುವುದಿಲ್ಲವೆಂಬುದು ಅಂದಿನಂತೆ ಇಂದೂ ನಿಜ. ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜುಗಳಲ್ಲಿ ಕ್ಲಾಟ್ ಇಲ್ಲದೆ ಐದು ವರ್ಷದ ಪದವಿ ಓದಬಹುದು. ಯಾವುದಾದರೂ ಪದವಿ ಮುಗಿಸಿ ಮೂರು ವರ್ಷದ ಎಲ್ಎಲ್‌ಬಿ ಮಾಡಬಹುದು. ನ್ಯಾಯಾಲಯದಲ್ಲಿ ಎಲ್ಲರದೂ ಅದೇ ಕಪ್ಪು ಕೋಟು. ಈ ಮಾತನ್ನು ತಂದೆತಾಯಂದಿರು ಪರೀಕ್ಷೆಗೆ ಮೊದಲೇ, ಮನಸಾರೆ ಹೇಳಬೇಕು. ಫಲಿತಾಂಶದ ದಿನ ಹೇಳಿದರೆ ಅದು ಸಾಂತ್ವನವಾಗಿ ಮಾತ್ರ ಕೇಳಿಸುತ್ತದೆ.

ವ್ಯವಸ್ಥೆಯಿಂದ ಆಗಬೇಕಾದದ್ದೂ ಬಹಳವಿಲ್ಲ. ವೈದ್ಯಕೀಯ ಪ್ರವೇಶದ ನೀಟ್ ಕನ್ನಡವೂ ಸೇರಿ ಹದಿಮೂರು ಭಾಷೆಗಳಲ್ಲಿ ನಡೆಯಬಲ್ಲುದಾದರೆ, ಜನಸಾಮಾನ್ಯರ ಭಾಷೆಯಲ್ಲೇ ಸಾಕ್ಷಿ ಕೇಳಬೇಕಾದ ವೃತ್ತಿಯ ಪ್ರವೇಶಕ್ಕೆ ಇಂಗ್ಲಿಷೊಂದೇ ಏಕೆ? 2023ರಲ್ಲಿ ಈ ಪ್ರಶ್ನೆ ದೆಹಲಿ ಹೈಕೋರ್ಟಿನ ಮುಂದೆಯೂ ಬಂತು. ಕರ್ನಾಟಕದಲ್ಲಿ ಓದಿದವರಿಗೆ ಬೆಂಗಳೂರಿನ ಸಂಸ್ಥೆಯಲ್ಲಿ ಶೇ 25ರ ಮೀಸಲಾತಿ ಇದೆ, ನಿಜ. ಆದರೆ ಭಾಷೆ ಮತ್ತು ತರಬೇತಿಯ ಜರಡಿ ಹಾಗೇ ಉಳಿದರೆ ಅದರ ಫಲ ರಾಜಧಾನಿಯ ಮಕ್ಕಳಿಗೇ ಹೆಚ್ಚು ದಕ್ಕೀತು. ಅವಕಾಶವಂಚಿತ ಮಕ್ಕಳನ್ನು ಈ ಸಂಸ್ಥೆಗಳಿಗೆ ಸೇರಿಸಲು ಶಾಮ್ನಾದ್ ಬಶೀರ್ 2010ರಲ್ಲಿ ಕಟ್ಟಿದ ‘ಇಡಿಯಾ’ ಸಂಸ್ಥೆಯಂಥ ಯತ್ನಗಳು ಜಿಲ್ಲೆಗಳಿಗೆ ಇನ್ನಷ್ಟು ತಲುಪಬೇಕು. ಪ್ರತಿ ಪದವಿಪೂರ್ವ ಕಾಲೇಜಿನ ಗ್ರಂಥಾಲಯದಲ್ಲಿ ಹಳೆಯ ಪ್ರಶ್ನೆಪತ್ರಿಕೆಗಳಿರಲಿ, ವಾರಕ್ಕೆರಡು ತಾಸು ಜೊತೆಗೆ ಕೂರುವ ಒಬ್ಬ ಅಧ್ಯಾಪಕರಿರಲಿ. ನಿದ್ದೆ, ಊಟ ಬಿಟ್ಟುಹೋಗುವಷ್ಟು ಆತಂಕವಿದ್ದರೆ 14416ಕ್ಕೆ ಕರೆ ಮಾಡಿದರೆ ಟೆಲಿ–ಮನಸ್ ಸಹಾಯವಾಣಿಯಲ್ಲಿ ಕನ್ನಡದಲ್ಲೇ ಆಪ್ತಸಲಹೆ ಸಿಗುತ್ತದೆಂದು ಸೂಚನಾ ಫಲಕದಲ್ಲಿ ಬರೆದಿರಲಿ.

ಕಾರವಾರ ಮತ್ತು ಅಂಕೋಲೆ ತಾಲ್ಲೂಕುಗಳಿಗೆ ವಕೀಲರ ಅಗತ್ಯ ಬರಿಯ ಪ್ರತಿಷ್ಠೆಯ ಪ್ರಶ್ನೆಯಲ್ಲ. ಸೀಬರ್ಡ್ ನೌಕಾನೆಲೆಗಾಗಿ ನೆಲ ಬಿಟ್ಟುಕೊಟ್ಟ ಸಾವಿರಾರು ಕುಟುಂಬಗಳ ಪರಿಹಾರದ ಮೊಕದ್ದಮೆಗಳು ದಶಕಗಟ್ಟಲೆ ನಡೆದದ್ದನ್ನು ಇಲ್ಲಿಯವರು ಬಲ್ಲರು. ಹಾಲಕ್ಕಿ ಅಜ್ಜಿಯೊಬ್ಬಳು ಹೇಳಿದ್ದನ್ನು ಅವಳ ಮಾತಿನಲ್ಲೇ ಅರ್ಥಮಾಡಿಕೊಂಡು ನ್ಯಾಯಪೀಠದ ಮುಂದಿಡಬಲ್ಲವರು ಈ ನೆಲದಿಂದಲೇ ಬರಬೇಕು.

ನನ್ನ ತಮ್ಮನ ಮೊಮ್ಮಗಳು ಡಿಸೆಂಬರಿನಲ್ಲಿ ಪರೀಕ್ಷೆ ಬರೆದಳು. ಬೆಂಗಳೂರಿನ ಸೀಟಿಗೆ ಆಕೆಯ ಶ್ರೇಯಾಂಕ ಸಾಲಲಿಲ್ಲ. ಫೋನ್ ಮಾಡಿದಾಗ, ಹದಿನೆಂಟು ಪ್ರಶ್ನೆ ಬಿಟ್ಟೆನೆಂದೂ ಗಡಿಯಾರ ನೋಡಿದರೂ ಸಾಲು ಮರೆಯಲಿಲ್ಲವೆಂದೂ ಹೇಳಿದಳು. ಈಗ ಪಿಯುಸಿ ಪರೀಕ್ಷೆಗೆ ಓದುತ್ತಿದ್ದಾಳೆ. ಹುಬ್ಬಳ್ಳಿಯ ಅರ್ಜಿ ಯಾವಾಗ ಕರೆಯುತ್ತಾರೆಂದು ವಿಚಾರಿಸಲು ನನಗೇ ಕೆಲಸ ಹಚ್ಚಿದ್ದಾಳೆ.