ಹತ್ತು ದಿನ ನಿಮಗೆ, ಹತ್ತು ದಿನ ನಮಗೆ

ನಮ್ಮ ಸಂಘದ ಸಭೆಯಲ್ಲಿ ಕಾವೇರಿಯ ಮಾತು ಬಂದರೆ ಸಾಕು, ಚಹಾ ಆರಿ ಹೋದರೂ ಯಾರೂ ಏಳುವುದಿಲ್ಲ. ಇರುವುದು ದೆಹಲಿಯಲ್ಲಿ, ಕುಡಿಯುವುದು ಯಮುನೆಯ ನೀರು, ಜಗಳ ಮಾತ್ರ ಕಾವೇರಿಯದು! ಹಿಂದಿನ ಸಭೆಯಲ್ಲಿ ನಾನೂ ಎದ್ದು ನಿಂತು, "ನದಿ ಹುಟ್ಟುವುದು ನಮ್ಮಲ್ಲಿ, ಮೊದಲ ಹಕ್ಕು ನಮ್ಮದು" ಎಂದು ಮೇಜು ಕುಟ್ಟಿದವನೇ. ಅದೇ ರಾತ್ರಿ ಹಾಸ್ಟೆಲಿನ ಪಕ್ಕದ ಕೋಣೆಯ ಬಂಗಾಳಿ ಗೆಳೆಯನಿಗೆ ಇದನ್ನು ಬಲು ಜೋರಿನಿಂದ ಹೇಳಿದೆ. ಅವನು ನಕ್ಕುಬಿಟ್ಟ. "ಗಂಗೆ ನಮ್ಮಲ್ಲಿ ಹುಟ್ಟೋದಿಲ್ಲ. ಹಾಗಾದ್ರೆ ನಾವು ಯಾರ ಬಾಗಿಲಿಗೆ ಹೋಗ್ಬೇಕು? ನಮ್ಮಿಂದಾಚೆ ಇನ್ನೊಂದು ಬಂಗಾಳ ಇದೆ, ಅವರು ಯಾರ ಬಾಗಿಲಿಗೆ ಹೋಗ್ಬೇಕು?" ಎಂದ. ಉತ್ತರ ಹೊಳೆಯಲಿಲ್ಲ. ಆಮೇಲೆ ಲೈಬ್ರರಿಯಲ್ಲಿ ಕೂತು ಫರಕ್ಕಾದ ಕತೆ ಓದಿದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನನ್ನ ಮೇಜು ಕುಟ್ಟಿದ ವಾದಕ್ಕೇ ಬರುತ್ತೇನೆ. ಅದು ನನ್ನ ಸ್ವಂತದ್ದೇನಲ್ಲ. 1895ರಲ್ಲಿ ಅಮೆರಿಕದ ಅಟಾರ್ನಿ ಜನರಲ್ ಜಡ್ಸನ್ ಹಾರ್ಮನ್ ಎಂಬಾತ ರಿಯೊ ಗ್ರಾಂಡೆ ನದಿಯ ವಿಚಾರದಲ್ಲಿ ಮೆಕ್ಸಿಕೋ ದೇಶಕ್ಕೆ ಹೇಳಿದ್ದೂ ಇಷ್ಟೇ: ನಮ್ಮ ನೆಲದಲ್ಲಿರುವ ನೀರನ್ನು ನಾವು ಏನು ಬೇಕಾದರೂ ಮಾಡಬಹುದು, ಕೆಳಗಿನವರಿಗೆ ಕೊಡಬೇಕೆಂಬ ಕಾನೂನಿಲ್ಲ. ತಮಾಷೆಯೆಂದರೆ, ಹಾಗೆಂದ ಅಮೆರಿಕವೇ 1906ರಲ್ಲಿ ಮೆಕ್ಸಿಕೋದೊಡನೆ ಒಪ್ಪಂದ ಮಾಡಿಕೊಂಡು ವರ್ಷಕ್ಕೆ 60,000 ಎಕರೆ-ಅಡಿ ನೀರು ಬಿಡಲು ಒಪ್ಪಿತು. 1966ರ ಹೆಲ್ಸಿಂಕಿ ನಿಯಮಗಳಂತೂ, ಹಲವು ದೇಶಗಳಲ್ಲಿ ಹರಿಯುವ ನದಿಯಲ್ಲಿ ಪ್ರತಿಯೊಬ್ಬರಿಗೂ ನ್ಯಾಯವಾದ ಪಾಲುಂಟು ಎಂದವು. ದೇಶದೇಶಗಳ ನಡುವಿನ ಈ ನಿಯಮಗಳನ್ನು ನಮ್ಮ ಸುಪ್ರೀಂ ಕೋರ್ಟು 2018ರ ಕಾವೇರಿ ತೀರ್ಪಿನಲ್ಲಿಯೂ ಚರ್ಚಿಸಿದೆ. ಅಂದರೆ ನನ್ನ ವಾದ ಹಳಸಿಯೇ ಬಹಳ ವರ್ಷಗಳಾಗಿದ್ದವು, ನನಗೆ ಸುದ್ದಿ ಬಂದಿರಲಿಲ್ಲ.

ಇನ್ನು ಫರಕ್ಕಾ. ಪಶ್ಚಿಮ ಬಂಗಾಳದಲ್ಲಿ, ಬಾಂಗ್ಲಾದೇಶದ ಗಡಿಗೆ ಇಪ್ಪತ್ತು ಕಿಲೋಮೀಟರೂ ಇಲ್ಲದ ಜಾಗ. ಅಲ್ಲಿಂದ ಕೆಳಗೆ ಗಂಗೆಯ ಮುಖ್ಯ ಹರಿವು ಪೂರ್ವಕ್ಕೆ ಹೋಗಿ ಪದ್ಮಾ ಎನಿಸಿಕೊಳ್ಳುತ್ತದೆ. ದಕ್ಷಿಣಕ್ಕೆ ಒಡೆದು ಹೋಗುವ ಭಾಗೀರಥಿ-ಹೂಗ್ಲಿಯ ದಡದಲ್ಲಿ ಕಲ್ಕತ್ತಾ ಇದೆ. ಬೇಸಿಗೆಯಲ್ಲಿ ಹೂಗ್ಲಿಗೆ ನೀರು ಸಾಲದೆ ಹೂಳು ತುಂಬಿ, ಕಲ್ಕತ್ತಾ ಬಂದರಿಗೆ ಹಡಗು ಬರುವುದೇ ಕಷ್ಟವಾಗಿತ್ತು. ಗಂಗೆಗೆ ಅಡ್ಡಲಾಗಿ ಬ್ಯಾರೇಜು ಕಟ್ಟಿ, ಸುಮಾರು 38 ಕಿಲೋಮೀಟರ್ ಕಾಲುವೆಯಲ್ಲಿ 40,000 ಕ್ಯೂಸೆಕ್ ನೀರನ್ನು ಭಾಗೀರಥಿಗೆ ತಿರುಗಿಸಿದರೆ ಹೂಳು ಕೊಚ್ಚಿಹೋಗುತ್ತದೆ ಎಂಬುದು ಲೆಕ್ಕ. ಆಗ ಪೂರ್ವ ಬಂಗಾಳವನ್ನು ಆಳುತ್ತಿದ್ದ ಪಾಕಿಸ್ತಾನ 1951ರಲ್ಲೇ ತಕರಾರು ತೆಗೆಯಿತು. ನಮ್ಮವರಲ್ಲೂ ಕಪಿಲ್ ಭಟ್ಟಾಚಾರ್ಯ ಎಂಬ ಬಂಗಾಳಿ ಇಂಜಿನಿಯರು, ಇದರಿಂದ ಮೇಲೆ ಹೂಳು ತುಂಬಿ ಪ್ರವಾಹ ಹೆಚ್ಚೀತು ಎಂದು ಎಚ್ಚರಿಸಿದರು. ಅವರಿಗೆ ಸಿಕ್ಕಿದ್ದು ದೇಶದ್ರೋಹಿ ಎಂಬ ಬಿರುದು! 2016ರಲ್ಲಿ ಬಿಹಾರದ ಮುಖ್ಯಮಂತ್ರಿ ನಿತೀಶ್ ಕುಮಾರ್ ಪ್ರವಾಹದ ಹೊತ್ತಿನಲ್ಲಿ, ಹೂಳಿಗೆ ಫರಕ್ಕಾವೇ ಕಾರಣ, ಅದನ್ನು ತೆಗೆದುಹಾಕಿ ಎಂದು ಕೇಳಿದರು. ಆಗ ಯಾರೂ ಅವರನ್ನು ದೇಶದ್ರೋಹಿ ಎನ್ನಲಿಲ್ಲ.

ಬ್ಯಾರೇಜು 1975ರ ಏಪ್ರಿಲಿನಲ್ಲಿ ಶುರುವಾಯಿತು, ಅದೂ 41 ದಿನಗಳ ತಾತ್ಕಾಲಿಕ ಒಪ್ಪಂದದ ಮೇಲೆ. ಮರುವರ್ಷ ಒಪ್ಪಂದವಿಲ್ಲದೆಯೇ ನೀರು ತಿರುಗಿತು. 1976ರ ಮೇ ತಿಂಗಳಲ್ಲಿ ಹಣ್ಣು ಮುದುಕರಾಗಿದ್ದ ಮೌಲಾನಾ ಭಾಶಾನಿ ರಾಜಶಾಹಿಯಿಂದ ಫರಕ್ಕಾದ ದಿಕ್ಕಿಗೆ ಸಾವಿರಾರು ಜನರ ಮೆರವಣಿಗೆ ಹೊರಡಿಸಿದರು. ದೂರು ವಿಶ್ವಸಂಸ್ಥೆಗೂ ಹೋಯಿತು. ಪದ್ಮಾದಿಂದ ಒಡೆಯುವ ಗೊರಾಯ್ ನದಿ ಬೇಸಿಗೆಯಲ್ಲಿ ಸೊರಗಿದರೆ ಖುಲ್ನಾ ಕಡೆ ಸಮುದ್ರದ ಉಪ್ಪು ಒಳಗೆ ನುಗ್ಗುತ್ತದೆ. ಬಂಗಾಳಿಗಳ ಪ್ರಾಣವಾದ ಇಲಿಶ್ ಮೀನು ಹಿಂದೆ ಗಂಗೆಯಲ್ಲಿ ಅಲಹಾಬಾದಿನವರೆಗೂ ಏರಿ ಬರುತ್ತಿತ್ತಂತೆ, ಬ್ಯಾರೇಜು ಬಂದಮೇಲೆ ಆ ದಾರಿ ಮುಚ್ಚಿತು. (ಇಲಿಶ್ ವಿಷಯ ಎತ್ತಿದಾಗ ಗೆಳೆಯನ ಮುಖ ನೋಡಬೇಕಿತ್ತು. ರಾಜಕೀಯ ಮಾತಾಡುವಾಗಲೂ ಅಷ್ಟು ದುಃಖ ಕಂಡಿರಲಿಲ್ಲ.)

1977ರಲ್ಲಿ ಐದು ವರ್ಷಕ್ಕೆ ಒಂದು ಒಪ್ಪಂದವಾಯಿತು. ಆಮೇಲೆ ಎರಡು ಸಣ್ಣ ತಿಳುವಳಿಕೆ ಪತ್ರಗಳು. 1988ರಿಂದ ಎಂಟು ವರ್ಷ ಏನೂ ಇಲ್ಲ. ಕೊನೆಗೆ 1996ರ ಡಿಸೆಂಬರ್ 12ರಂದು ದೆಹಲಿಯಲ್ಲಿ 30 ವರ್ಷಗಳ ಗಂಗಾ ಒಪ್ಪಂದಕ್ಕೆ ಸಹಿ ಬಿತ್ತು. ಬಾಂಗ್ಲಾದೇಶದ ಪರವಾಗಿ ಶೇಖ್ ಹಸೀನಾ, ಭಾರತದ ಪರವಾಗಿ ಯಾರು ಗೊತ್ತೇ? ನಮ್ಮ ಹಾಸನದ ಎಚ್.ಡಿ. ದೇವೇಗೌಡರು! ಸಿವಿಲ್ ಇಂಜಿನಿಯರಿಂಗ್ ಡಿಪ್ಲೊಮಾ ಓದಿದವರು, ಕರ್ನಾಟಕದಲ್ಲಿ ನೀರಾವರಿ ಮಂತ್ರಿಯಾಗಿದ್ದವರು, ಕಾವೇರಿಗಾಗಿ ಬದುಕಿಡೀ ವಾದ ಮಾಡಿದವರು. ಕೆಳಗಿನವರ ಪಾಲಿನ ಕಾಗದಕ್ಕೆ ಸಹಿ ಹಾಕುವಾಗ ಅವರ ಮನಸ್ಸಿನಲ್ಲಿ ಏನಿತ್ತೋ ಅವರೇ ಹೇಳಬೇಕು. ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ಜೊತೆಗೆ ನಿಂತದ್ದರಿಂದ ಕೆಲಸ ಸುಲಭವಾಯಿತು. ರಾಜ್ಯ ಒಪ್ಪದಿದ್ದರೆ ಏನಾಗುತ್ತದೆಂದು 2011ರಲ್ಲಿ ತೀಸ್ತಾ ನದಿಯ ವಿಷಯದಲ್ಲಿ ಕಂಡೆವು. ಮಮತಾ ಬ್ಯಾನರ್ಜಿ ಒಲ್ಲೆನೆಂದರು, ತಯಾರಾಗಿದ್ದ ಕರಡು ಹಾಗೇ ಉಳಿಯಿತು.

ಈ ಒಪ್ಪಂದದ ಲೆಕ್ಕ ಬಹಳ ಸರಳ, ನಮ್ಮೂರ ಕಾಲುವೆಯ ಸರದಿಯ ಹಾಗೆ. ಜನವರಿ 1ರಿಂದ ಮೇ 31ರವರೆಗೆ ಹತ್ತು ಹತ್ತು ದಿನದ ಕಂತುಗಳು. ಫರಕ್ಕಾಕ್ಕೆ ಬರುವ ನೀರು 70,000 ಕ್ಯೂಸೆಕ್ ಅಥವಾ ಅದಕ್ಕಿಂತ ಕಡಿಮೆಯಾದರೆ ಅರ್ಧರ್ಧ. 70,000ದಿಂದ 75,000ದವರೆಗೆ ಇದ್ದರೆ ಬಾಂಗ್ಲಾದೇಶಕ್ಕೆ 35,000, ಮಿಕ್ಕದ್ದು ನಮಗೆ. ಅದಕ್ಕೂ ಹೆಚ್ಚಾದರೆ ನಮಗೆ 40,000, ಮಿಕ್ಕದ್ದು ಅವರಿಗೆ. ಆದರೆ ಮಾರ್ಚ್ 11ರಿಂದ ಮೇ 10ರವರೆಗಿನ ಕಡುಬೇಸಿಗೆಯಲ್ಲಿ ಅರ್ಧರ್ಧ ಮಾಡಿದರೆ ಇಬ್ಬರಿಗೂ ಸಾಲದು. ಅದಕ್ಕೇ ಒಂದು ಕಂತಿನಲ್ಲಿ ಒಬ್ಬರಿಗೆ 35,000 ಖಾತರಿ, ಮುಂದಿನ ಕಂತಿನಲ್ಲಿ ಇನ್ನೊಬ್ಬರಿಗೆ. ಉದಾಹರಣೆಗೆ ಏಪ್ರಿಲ್ 11ರಿಂದ 20ರವರೆಗೆ 62,633 ಕ್ಯೂಸೆಕ್ ಬರುತ್ತದೆಂದು ಪಟ್ಟಿ. ನಮಗೆ 35,000, ಅವರಿಗೆ 27,633. ಮುಂದಿನ ಹತ್ತು ದಿನ 60,992. ಈಗ ಅವರಿಗೆ 35,000, ನಮಗೆ 25,992.

ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ. ನಮಗೆ ಟಿ.ಎಂ.ಸಿ. ಭಾಷೆಯೇ ರೂಢಿ. 35,000 ಕ್ಯೂಸೆಕ್ ಒಂದು ದಿನ ಹರಿದರೆ 3 ಟಿ.ಎಂ.ಸಿ. ಅಂದರೆ ಆ 35,000ದಲ್ಲಿ ನಮ್ಮ ಕನ್ನಂಬಾಡಿ ಕಟ್ಟೆ ಹದಿನಾರು-ಹದಿನೇಳು ದಿನಕ್ಕೆ ತುಂಬುತ್ತದೆ. ಬೇಸಿಗೆಯಲ್ಲಿ ಸೊರಗಿದ ಗಂಗೆಯ ಒಂದು ಪಾಲು ಇದು!

ಮೇಲಿನ ಪಟ್ಟಿಯ ಅಂಕಿಗಳು ಎಲ್ಲಿಂದ ಬಂದವು? 1949ರಿಂದ 1988ರವರೆಗಿನ 40 ವರ್ಷಗಳ ಸರಾಸರಿ. ತೊಡಕು ಇರುವುದು ಇಲ್ಲಿ. ಹಂಚುವುದು ಫರಕ್ಕಾಕ್ಕೆ ಬಂದ ನೀರನ್ನು ಮಾತ್ರ. ಅದಕ್ಕಿಂತ ಮೇಲೆ ಉತ್ತರ ಪ್ರದೇಶ, ಬಿಹಾರಗಳಲ್ಲಿ ಕಾಲುವೆಗಳು, ಪಂಪುಗಳು ಎಷ್ಟು ಎಳೆದುಕೊಂಡವು ಎಂಬುದಕ್ಕೆ ಕಡಿವಾಣವಿಲ್ಲ. ಸರಾಸರಿಯನ್ನು ಉಳಿಸಿಕೊಳ್ಳಲು ಮೇಲಿನ ದೇಶ ಎಲ್ಲ ಪ್ರಯತ್ನ ಮಾಡಬೇಕು ಎಂದಿದೆ, ಅಷ್ಟೆ. ಹರಿವು 50,000ಕ್ಕಿಂತ ಕೆಳಗಿಳಿದರೆ? ಇಬ್ಬರೂ ತಕ್ಷಣ ಕೂತು ಮಾತಾಡಬೇಕು. ಎಷ್ಟು ಕೊಡಬೇಕೆಂದು ಬರೆದಿಲ್ಲ. 1977ರ ಒಪ್ಪಂದದಲ್ಲಿ, ಎಷ್ಟೇ ಬರ ಬಂದರೂ ಬಾಂಗ್ಲಾದೇಶಕ್ಕೆ ಪಟ್ಟಿಯ ಪಾಲಿನ ಶೇಕಡಾ 80 ಸಿಗತಕ್ಕದ್ದು ಎಂಬ ಮಾತಿತ್ತು. 1996ರಲ್ಲಿ ಅದು ಉಳಿಯಲಿಲ್ಲ. ಜಗಳ ಬಂದರೆ ಜಂಟಿ ಸಮಿತಿ, ಅಲ್ಲಿಂದ 1972ರಲ್ಲಿ ಹುಟ್ಟಿದ ಜಂಟಿ ನದಿ ಆಯೋಗ, ಅಲ್ಲಿಂದ ಎರಡು ಸರ್ಕಾರಗಳು. ಹೊರಗಿನ ಪಂಚರಿಲ್ಲ.

ನಮ್ಮ ಕೆರೆಯ ಊರುಗಳಲ್ಲಿ ನೀರುಗಂಟಿ ಇರುತ್ತಿದ್ದನಲ್ಲ, ತೂಬು ಎತ್ತಿ ಯಾರ ಗದ್ದೆಗೆ ಎಷ್ಟು ಹೊತ್ತು ಎಂದು ಬಿಡುವವನು? ಅನೇಕ ಕಡೆ ಅವನಿಗೆ ಆ ಕೆರೆಯ ಕೆಳಗೆ ಸ್ವಂತ ಗದ್ದೆ ಇರುತ್ತಿರಲಿಲ್ಲ. ಅದಕ್ಕೇ ಅವನ ಮಾತು ನಡೆಯುತ್ತಿತ್ತು. ಫರಕ್ಕಾದಲ್ಲಿ ತೂಬಿನ ಕೀಲಿ ಇರುವುದು ಗದ್ದೆಯುಳ್ಳವನ ಕೈಯಲ್ಲೇ. ಆದರೂ ಒಂದು ಒಳ್ಳೆಯ ಏರ್ಪಾಡು ಮಾಡಿದ್ದಾರೆ. ಸರದಿಯ ಕಾಲದಲ್ಲಿ ಫರಕ್ಕಾದಲ್ಲಿಯೂ, ಬಾಂಗ್ಲಾದೇಶದ ಹಾರ್ಡಿಂಜ್ ಸೇತುವೆಯಲ್ಲಿಯೂ ಎರಡೂ ದೇಶದವರ ಜಂಟಿ ತಂಡ ದಿನದಿನದ ಹರಿವು ಬರೆದುಕೊಳ್ಳಬೇಕು. ನನಗಂತೂ ಇಡೀ ಒಪ್ಪಂದದ ಜೀವ ಈ ಅಂಕಿ ಬರೆಯುವ ಪುಸ್ತಕದಲ್ಲೇ ಇದೆ ಅನಿಸುತ್ತದೆ. ಪಾಲಿನ ಬಗ್ಗೆ ಜಗಳ ಆಡಬಹುದು, ಇಬ್ಬರೂ ನಿಂತು ನೋಡಿ ಬರೆದ ಅಂಕಿಯ ಬಗ್ಗೆ ಆಡುವುದು ಕಷ್ಟ.

ಒಪ್ಪಂದದ 30 ವರ್ಷ ತುಂಬುವುದು 2026ರ ಡಿಸೆಂಬರಿಗೆ. ಸಹಿ ಹಾಕಿದ ಹಸೀನಾ 2024ರ ಆಗಸ್ಟಿನಲ್ಲಿ ಅಧಿಕಾರ ಬಿಟ್ಟು ಹೊರಬಂದರು. ಕಾವೇರಿಯ ಮಾತು ಮತ್ತೆ ಬರುವ ಸಭೆಗೆ ನನ್ನ ಬಂಗಾಳಿ ಗೆಳೆಯನನ್ನೂ ಕರೆದಿದ್ದೇನೆ. ಕನ್ನಡ ಬಾರದು, ಆದರೆ ಟಿ.ಎಂ.ಸಿ. ಎಂದರೇನೆಂದು ಹೇಳಿಕೊಟ್ಟಿದ್ದೇನೆ.