ನಿಮಗಿದು ಗೊತ್ತೇ? ಹುಳುಕಡ್ಡಿ, ತಗಚೆ ಬೀಜ ಮತ್ತು ಅಂಗಡಿಯ ಟ್ಯೂಬು

ಹುಳುಕಡ್ಡಿಗೆ ಕಾರಣವಾದ ಶಿಲೀಂಧ್ರದ ಆಹಾರ ಕೆರಾಟಿನ್. ನಮ್ಮ ಚರ್ಮದ ಮೇಲ್ಪದರ, ಕೂದಲು, ಉಗುರುಗಳಲ್ಲಿರುವ ಪ್ರೋಟೀನ್ ಇದು. ಅದನ್ನು ತಿನ್ನುತ್ತಾ ಶಿಲೀಂಧ್ರ ಹೊರಹೊರಗೆ ಹರಡುತ್ತದೆ. ಅಂಚು ಕೆಂಪಗೆ ಉಬ್ಬಿ ನಡುಭಾಗ ತಿಳಿಯಾಗಿ ಕಾಣುವುದು ಅದಕ್ಕೇ.

ಹಾಗಾಗಿ ಸಿಹಿ ತಿನ್ನುವುದನ್ನು ಬಿಟ್ಟರೆ ಹುಳುಕಡ್ಡಿ ಸಾಯುತ್ತದೆ ಎಂಬ ಮಾತಿನಲ್ಲಿ ಹುರುಳಿಲ್ಲ. ಆದರೆ ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರಿಗೆ ಶಿಲೀಂಧ್ರದ ಸೋಂಕು ಸುಲಭವಾಗಿ ಅಂಟುತ್ತದೆ, ಬಿಡುವುದು ತಡವಾಗುತ್ತದೆ. ಪದೇ ಪದೇ ಬರುತ್ತಿದ್ದರೆ ಒಮ್ಮೆ ರಕ್ತ ಪರೀಕ್ಷೆ ಮಾಡಿಸಿ.

ಆಯುರ್ವೇದದಲ್ಲಿ ಇದು ದದ್ರು. ಚರಕ ಇದನ್ನು ಕ್ಷುದ್ರಕುಷ್ಠಗಳ (ಸಣ್ಣ ಚರ್ಮರೋಗಗಳ) ಸಾಲಿಗೆ ಸೇರಿಸಿದರೆ, ಸುಶ್ರುತ ಮಹಾಕುಷ್ಠಗಳಲ್ಲಿ (ದೊಡ್ಡ ಚರ್ಮರೋಗಗಳಲ್ಲಿ) ಎಣಿಸುತ್ತಾನೆ. ತುರಿಕೆ, ಕೆಂಪು, ಸಣ್ಣ ಗುಳ್ಳೆ, ಉಬ್ಬಿದ ಮಂಡಲ: ಚರಕ ಹೇಳಿದ ಲಕ್ಷಣಗಳು ಇಂದಿನ ಚರ್ಮವೈದ್ಯರ ವಿವರಣೆಗೆ ಹತ್ತಿರವಾಗಿವೆ.

ಪಥ್ಯವೇನು? ಹಾಲಿನೊಂದಿಗೆ ಮೀನು ಕೂಡದು. ಹುಳಿ, ಮೊಸರು, ಬೆಲ್ಲ, ಎಳ್ಳು ಕಡಿಮೆಯಿರಲಿ. ಹಳೆಯ ಅಕ್ಕಿಯ ಅನ್ನ, ಗೋಧಿ, ಹೆಸರುಬೇಳೆ, ಪಡವಲಕಾಯಿ, ಕಹಿ ತರಕಾರಿ ಒಳ್ಳೆಯದು. ಮಿತವಾದ ಈ ಊಟದಿಂದ ದೊಡ್ಡವರಿಗೆ ತೊಂದರೆಯೇನೂ ಇಲ್ಲ. ಆದರೆ ಊಟವೊಂದರಿಂದಲೇ ಚರ್ಮದ ಮೇಲಿನ ಶಿಲೀಂಧ್ರ ಹೋಗುತ್ತದೆ ಎನ್ನಲು ಪುರಾವೆಯಿಲ್ಲ. ಪಥ್ಯದ ಹೆಸರಿನಲ್ಲಿ ಬೆಳೆಯುವ ಮಕ್ಕಳ ಹಾಲು ಮೊಸರು ನಿಲ್ಲಿಸಬೇಡಿ.

ಮೊದಲ ಮಳೆ ಬಿದ್ದೊಡನೆ ರಸ್ತೆ ಬದಿಯಲ್ಲಿ ಏಳುವ ತಗಚೆ ಗಿಡದ ಸಂಸ್ಕೃತ ಹೆಸರುಗಳಲ್ಲಿ ಒಂದು ದದ್ರುಘ್ನ. ತುಳುವರಿಗೆ ಇದು ತಜಂಕ್, ಕೊಂಕಣಿಗರಿಗೆ ತಾಯ್ಕಿಳೊ. ಕರಾವಳಿಯಲ್ಲಿ ಎಳೆಯ ಸೊಪ್ಪನ್ನು ಹೆಚ್ಚಿ ವಡೆ ಮಾಡುತ್ತಾರೆ. ಬೀಜವನ್ನು ಹುಳಿ ಮಜ್ಜಿಗೆಯಲ್ಲಿ ಅರೆದು ಹುಳುಕಡ್ಡಿಗೆ ಹಚ್ಚುವುದು ಹಳೆಯ ಮದ್ದು. ಬೀಜದಲ್ಲಿ ಕ್ರೈಸೊಫನಾಲ್ ಎಂಬ ರಾಸಾಯನಿಕವಿದೆ. ಪ್ರಯೋಗಾಲಯದಲ್ಲಿ ಅದು ಶಿಲೀಂಧ್ರದ ಬೆಳವಣಿಗೆಯನ್ನು ತಡೆದಿದೆ. ಅಜ್ಜಿಯರ ಮದ್ದು ಬರಿಯ ನಂಬಿಕೆಯಲ್ಲ ಎನ್ನಲು ಇಷ್ಟು ಸಾಕು. ಆದರೆ ಮೈತುಂಬ ಹರಡಿದ ಸೋಂಕಿಗೆ ಅದೊಂದೇ ಸಾಲದು.

ತಗಚೆಯ ಬಳಗದ ಸೀಮೆ ಅಗಸೆಯ ಎಲೆಯೂ ಇದಕ್ಕೇ ಬಳಕೆಯಾಗುತ್ತದೆ. ಫಿಲಿಪೈನ್ಸ್ ಸರ್ಕಾರದ ಆರೋಗ್ಯ ಇಲಾಖೆ ಶಿಫಾರಸು ಮಾಡಿರುವ 10 ಔಷಧಿ ಗಿಡಗಳಲ್ಲಿ ಅದೂ ಒಂದು.

ಹತ್ತೊಂಬತ್ತನೇ ಶತಮಾನದಲ್ಲಿ ಹುಳುಕಡ್ಡಿಗೆ ‘ಗೋವಾ ಪೌಡರ್’ ಹೆಸರಾಗಿತ್ತು. ಆ ಪುಡಿ ಗೋವಾದ್ದಲ್ಲ, ಬ್ರೆಜಿಲ್‌ನ ಮರವೊಂದರದು. ಪೋರ್ಚುಗೀಸರ ವ್ಯಾಪಾರದೊಂದಿಗೆ ಇತ್ತ ಬಂದಿತ್ತು. ಸೋರಿಯಾಸಿಸ್‌ಗೆ ಇಂದಿಗೂ ಬಳಸುವ ಡಿಥ್ರನಾಲ್ ಅದರ ಸಾರದ ಜಾಡು ಹಿಡಿದು ತಯಾರಾದದ್ದು.

ಬೆಳ್ಳುಳ್ಳಿಯಲ್ಲಿ ಶಿಲೀಂಧ್ರವನ್ನು ಕೊಲ್ಲುವ ಅಂಶವಿರುವುದು ನಿಜ. ಆದರೆ ಹಸಿ ಬೆಳ್ಳುಳ್ಳಿ ಜಜ್ಜಿ ಕಟ್ಟಿದರೆ ಚರ್ಮ ಸುಟ್ಟು ಬೊಬ್ಬೆ ಏಳುತ್ತದೆ. ನಿಂಬೆರಸ ಹಚ್ಚಿ ಬಿಸಿಲಿಗೆ ಹೋದರೂ ಚರ್ಮ ಸುಟ್ಟು ಕಪ್ಪು ಕಲೆ ಉಳಿಯಬಹುದು. ಇವೆರಡನ್ನೂ ಖಂಡಿತ ಹಚ್ಚಬೇಡಿ.

ಎದೆ, ಬೆನ್ನಿನ ಮೇಲೆ ಬಿಳಿಚಿಕೊಂಡು ಕಾಣುವ ಚಿಬ್ಬು ಬೇರೆಯೇ ಸೋಂಕು. ಅದಕ್ಕೆ ಕಾರಣವಾದ ಮಲಸೀಜಿಯಾ ಎಂಬ ಶಿಲೀಂಧ್ರಕ್ಕೆ ಜಿಡ್ಡೇ ಆಹಾರ. ಆ ಜಾಗಕ್ಕೆ ಎಣ್ಣೆ ತಿಕ್ಕಿದರೆ ಅದಕ್ಕೆ ಊಟ ಬಡಿಸಿದಂತೆ.

ಈಗ ಮುಖ್ಯ ವಿಷಯ. ಇಂದು ಬಹುಪಾಲು ಮನೆಗಳ ‘ಮನೆಮದ್ದು’ ತಗಚೆಯಲ್ಲ, ಔಷಧಿ ಅಂಗಡಿಯಲ್ಲಿ ಕೇಳಿ ತಂದ ಟ್ಯೂಬು. ಅನೇಕ ಟ್ಯೂಬುಗಳಲ್ಲಿ ಕ್ಲೊಬೆಟಸಾಲ್‌ನಂಥ ಜೋರಾದ ಸ್ಟಿರಾಯ್ಡ್ ಬೆರೆತಿರುತ್ತದೆ. ಎರಡು ಮೂರು ದಿನಗಳಲ್ಲಿ ತುರಿಕೆ ಮಾಯ! ವಾಸಿಯಾಯಿತೆಂದು ನಿಲ್ಲಿಸಿದೊಡನೆ ಮತ್ತೆ ಉರಿ, ಮತ್ತೆ ತುರಿಕೆ, ಮತ್ತೆ ಅದೇ ಟ್ಯೂಬು. ಸ್ಟಿರಾಯ್ಡ್ ನಮ್ಮ ಚರ್ಮದ ಪ್ರತಿರೋಧವನ್ನು ಕುಗ್ಗಿಸುತ್ತದೆ. ಆ ಅವಕಾಶದಲ್ಲಿ ಶಿಲೀಂಧ್ರ ಸದ್ದಿಲ್ಲದೆ ಹಬ್ಬುತ್ತದೆ. ದುಂಡನೆಯ ಗುರುತೂ ಕೆಟ್ಟು ರೋಗ ಗುರುತಿಸುವುದೇ ಕಷ್ಟವಾಗುತ್ತದೆ. ತೊಡೆಸಂದಿಯ ಚರ್ಮ ತೆಳ್ಳಗಾಗಿ ಬೀಳುವ ಗೀರುಗಳು ಜೀವನಪೂರ್ತಿ ಉಳಿಯುತ್ತವೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಹಲವು ಸ್ಟಿರಾಯ್ಡ್ ಮುಲಾಮುಗಳನ್ನು ಶೆಡ್ಯೂಲ್ ಎಚ್‌ಗೆ ಸೇರಿಸಿತು. ಅಂದರೆ ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ.

2020ರಲ್ಲಿ ಜಪಾನಿನ ಸಂಶೋಧಕರು ಹುಳುಕಡ್ಡಿ ಶಿಲೀಂಧ್ರದ ಒಂದು ಹೊಸ ಪ್ರಭೇದವನ್ನು ವಿವರಿಸಿದರು: ಟ್ರೈಕೊಫೈಟನ್ ಇಂಡೊಟಿನಿಯೆ. ರೋಗಿಗಳು ಭಾರತ, ನೇಪಾಳದಿಂದ ಹೋದವರು. ವರ್ಷಾನುಗಟ್ಟಲೆ ನಂಬಿಕೊಂಡು ಬಂದ ಟರ್ಬಿನಫಿನ್ ಮಾತ್ರೆಗೆ ಇದು ಹಲವರಲ್ಲಿ ಜಗ್ಗುವುದಿಲ್ಲ.

ತಲೆಯ ಹುಳುಕಡ್ಡಿಗೆ ಲೇಪವಾಗಲಿ ಮುಲಾಮಾಗಲಿ ಸಾಲದು. ಕೂದಲ ಬುಡಕ್ಕೆ ಅವು ತಲುಪುವುದಿಲ್ಲ, ಮಾತ್ರೆಯೇ ಬೇಕು.

ಒದ್ದೆಯಾಗಿಯೇ ಉಳಿಯುವ ಉಡುದಾರದ ಕೆಳಗೆ ಸೋಂಕು ಬೇರೂರುತ್ತದೆ. ಗುಣವಾಗುವ ತನಕ ಬಿಚ್ಚಿಡಿ. ಟವೆಲ್ ಒಬ್ಬರಿಗೊಂದು ಇರಲಿ. ಒಳಉಡುಪನ್ನು ಬಿಸಿನೀರಿನಲ್ಲಿ ಒಗೆದು, ಒಳಮೈ ಹೊರಗೆ ಮಾಡಿ ಬಿಸಿಲಿಗೆ ಹರವಿ. ಮನೆಯಲ್ಲಿ ಇಬ್ಬರಿಗಿದ್ದರೆ ಇಬ್ಬರಿಗೂ ಒಟ್ಟಿಗೇ ಚಿಕಿತ್ಸೆ ಆಗಬೇಕು.

ಚರ್ಮದ ಹೊಟ್ಟನ್ನು ಕೆರೆದು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹನಿ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಶಿಲೀಂಧ್ರ ಇದೆಯೇ ಎಂದು ಸ್ವಲ್ಪ ಹೊತ್ತಿನಲ್ಲೇ ತಿಳಿಯುತ್ತದೆ. ಚರ್ಮವೈದ್ಯರಲ್ಲಿಗೆ ಹೋಗುವಾಗ ಇದುವರೆಗೆ ಹಚ್ಚಿದ ಟ್ಯೂಬು, ಎಣ್ಣೆ, ಲೇಪ ಎಲ್ಲವನ್ನೂ ಜೊತೆಗೆ ಒಯ್ಯಿರಿ, ಯಾವುದನ್ನೂ ಮುಚ್ಚಿಡಬೇಡಿ. ಗುರುತು ಮಾಯವಾದರೂ ಅವರು ಹೇಳಿದಷ್ಟು ದಿನ ಔಷಧಿ ಮುಂದುವರಿಸಿ.