ಗಿರಣಿಯ ತಂತಿಯಲ್ಲಿ ಸುದ್ದಿಯ ಪಾಳಿ



ಕಾರಖಾನೆಯ ಕಂಪ್ಯೂಟರ್ ಕೋಣೆ ಕಂಡು, "ಸಾಹೇಬರೇ, ಇದಕ್ಕೂ ನಮ್ಮ ಬಿಲ್ಲಿಗೂ ಏನು ಸಂಬಂಧ?" ಎಂದು ಗಡಹಿಂಗ್ಲಜದ ಕಡೆಯ ಹಲವರು ಕೇಳಿದ್ದೀರಿ. ಸಂಬಂಧ ಇದೆ. 2025-26ರ ಹಂಗಾಮಿಗೆ ಕೇಂದ್ರ ಸರ್ಕಾರದ ಎಫ್.ಆರ್.ಪಿ. ಶೇ. 10.25 ರಿಕವರಿಗೆ ಕ್ವಿಂಟಲಿಗೆ 355 ರೂಪಾಯಿ. ಮೇಲಿನ ಪ್ರತಿ 0.1ಕ್ಕೆ 3 ರೂ. 46 ಪೈಸೆ. ನೂರು ಟನ್ ಕಳಿಸುವವರಿಗೆ ಆ 0.1 ಎಂದರೆ 3,460 ರೂಪಾಯಿ. ಸಿಪ್ಪೆಯಲ್ಲಿ ಉಳಿದುಹೋದ ಸಕ್ಕರೆ ಈ ಲೆಕ್ಕದಿಂದಲೇ ಕಳೆಯುತ್ತದೆ.

ರಸ ಚೆನ್ನಾಗಿ ಹಿಂಡಬೇಕಾದರೆ ಗಿರಣಿಯ ಬಾಯಿಯಲ್ಲಿ ಕಬ್ಬು ಸಮನಾಗಿ ತುಂಬಿರಬೇಕು. ಅಲ್ಲಿಯ ಮಟ್ಟ ಅಳೆಯುವ ಸಾಧನ ಸುದ್ದಿ ಕಳಿಸುತ್ತದೆ, ಪಿ.ಎಲ್.ಸಿ. ಎಂಬ ನಿಯಂತ್ರಕ ಕ್ಯಾರಿಯರಿನ ವೇಗ ಏರಿಳಿಸುತ್ತದೆ. ಸುದ್ದಿ ತಡವಾದರೆ ಒಮ್ಮೆ ಕಬ್ಬು ಕಟ್ಟಿಕೊಳ್ಳುತ್ತದೆ, ಒಮ್ಮೆ ರೋಲರು ಖಾಲಿ ತಿರುಗುತ್ತದೆ.

ಈ ಸುದ್ದಿ ಸಾಗುವ ಪದ್ಧತಿ ಈಥರ್‌ನೆಟ್. 1973ರಲ್ಲಿ ಅಮೆರಿಕದ ಝೆರಾಕ್ಸ್ ಸಂಶೋಧನಾಲಯದಲ್ಲಿ ಹುಟ್ಟಿದ್ದು. ಆಗ ಎಲ್ಲ ಯಂತ್ರಗಳಿಗೂ ಒಂದೇ ತಂತಿ. ಇಬ್ಬರು ಒಟ್ಟಿಗೆ ಮಾತಾಡಿದರೆ ಡಿಕ್ಕಿ, ಆಮೇಲೆ ಇಬ್ಬರೂ ಮನಸ್ಸಿಗೆ ಬಂದಷ್ಟು ಹೊತ್ತು ತಡೆದು ಮತ್ತೆ ಆರಂಭ. ಮುಂದೆ ಸ್ವಿಚ್ಚುಗಳು ಬಂದು ಡಿಕ್ಕಿ ತಪ್ಪಿತು, ಸರದಿಯಲ್ಲಿ ಕಾಯುವುದು ತಪ್ಪಲಿಲ್ಲ. ಕಾಟಾ ಚೀಟಿ ಒಂದು ಸೆಕೆಂಡು ತಡವಾದರೆ ಯಾರಿಗೂ ನಷ್ಟವಿಲ್ಲ. ಯಂತ್ರಕ್ಕೆ ಹಾಗಲ್ಲ. ಇಚಲಕರಂಜಿಯ ಮಗ್ಗ ಕಂಡವರಿಗೆ ಹೇಳಬೇಕಿಲ್ಲ: ಲಾಳಿ ಎಷ್ಟೇ ವೇಗವಾಗಿರಲಿ, ಎಳೆಗಳು ತೆರೆದ ಹೊತ್ತಿಗೆ ದಾಟದಿದ್ದರೆ ಹಾಸು ಕಡಿಯುತ್ತದೆ.

ಇದಕ್ಕೆ ಬೇರೆ ಬೇರೆ ಉಪಾಯಗಳಿವೆ. ಪ್ರೊಫಿನೆಟ್ಟಿನ ಬಿಗಿಯಾದ ಬಗೆಯಲ್ಲಿ, ನಮ್ಮ ಏತ ನೀರಾವರಿಯ ಪಾಳಿಯಂತೆ, ಪ್ರತಿ ಸುತ್ತಿನಲ್ಲೂ ಇಷ್ಟು ಹೊತ್ತು ತುರ್ತು ಸುದ್ದಿಗೇ ಮೀಸಲು. ಆಗ ಬೇರೆಯವರು ಕಾಲುವೆ ಒಡೆಯುವಂತಿಲ್ಲ. 2003ರಲ್ಲಿ ಜರ್ಮನಿಯ ಬೆಕ್‌ಹಾಫ್ ಕಂಪನಿ ತಂದ ಈಥರ್‌ಕ್ಯಾಟ್‌ನಲ್ಲಿ ಒಂದೇ ಪೊಟ್ಟಣ ಎಲ್ಲ ಸಾಧನಗಳನ್ನೂ ಹಾದುಹೋಗುತ್ತದೆ. ಪ್ರತಿಯೊಂದೂ ಅದನ್ನು ನಿಲ್ಲಿಸದೆಯೇ ತನ್ನ ಪಾಲಿನದನ್ನು ಓದಿ, ಹೇಳಬೇಕಾದ್ದನ್ನು ಸೇರಿಸುತ್ತದೆ. ಒಂದು ಸುತ್ತು ಮಿಲಿಸೆಕೆಂಡಿಗಿಂತ ಕಡಿಮೆಯಲ್ಲಿ ಮುಗಿಯಬಲ್ಲದು.

ನನ್ನ ಅಭಿಪ್ರಾಯ ಕೇಳಿದರೆ, ಕಬ್ಬಿನ ಕ್ಯಾರಿಯರಿಗೆ ಇಷ್ಟು ಚುರುಕು ಬೇಡ. ಅಲ್ಲಿ ಮಟ್ಟ ಬದಲಾಗುವುದೇ ಸೆಕೆಂಡುಗಳಲ್ಲಿ. ಮಾಡ್‌ಬಸ್ ಅಥವಾ ಸಾಮಾನ್ಯ ಪ್ರೊಫಿನೆಟ್ ಸಾಕು. ಆದರೆ ಕಚೇರಿಯ ಬಿಲ್ಲು, ಅಂಗಳದ ಕ್ಯಾಮೆರಾಗಳನ್ನು ಅದೇ ತಂತಿಗೆ ಜೋಡಿಸಬಾರದು. ಹಲವು ಮೋಟಾರುಗಳು ಹೆಜ್ಜೆಗೆ ಹೆಜ್ಜೆ ಕೂಡಿಸಿ ತಿರುಗಬೇಕಾದಲ್ಲಿ ಮಾತ್ರ ದುಬಾರಿ ಬಗೆ ಸಲ್ಲುತ್ತದೆ. (ಕಡಿದು ಮೂರು ದಿನ ಬಿಸಿಲಲ್ಲಿ ಬಿದ್ದ ಕಬ್ಬಿನ ಸಕ್ಕರೆಯನ್ನು ಯಾವ ತಂತಿಯೂ ಮರಳಿ ತಾರದು, ಅದನ್ನು ಬೇರೆ ಸಂಚಿಕೆಯಲ್ಲಿ ಬರೆಯುವೆ.)

ವಾರ್ಷಿಕ ಸಭೆಯಲ್ಲಿ ಇಂಥ ಖರೀದಿಯ ವಿಷಯ ಬಂದಾಗ "ಎಷ್ಟು ವೇಗ?" ಎಂದಷ್ಟೇ ಕೇಳಬೇಡಿರಿ. ಪೂರ್ತಿ ನುರಿಸುವಿಕೆ ನಡೆದಿರುವಾಗ, ಅತಿ ತಡವೆಂದರೆ ಎಷ್ಟು ಹೊತ್ತಿನಲ್ಲಿ ಸುದ್ದಿ ಮುಟ್ಟುತ್ತದೆ, ತಂತಿ ಕಡಿದರೆ ಕ್ಯಾರಿಯರ್ ತಾನಾಗಿ ನಿಲ್ಲುತ್ತದೆಯೇ ಎಂದು ಕೇಳಿರಿ.